ಶಾಲೆಯ ಗೋಡೆಗೆ ಒರಗಿ ಆಡಿದ ಮಾತು

ನಾನು ಓದಿದ್ದು ಕನ್ನಡ ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆಮೇಲೆ ಎಮ್ಮೆ ಕಾಯಲು ಹಾಕಿದರು, ಆಮೇಲೆ ಮದುವೆ ಮಾಡಿದರು, ಆಮೇಲೆ ಗಂಡನ ಹಿಂದೆ ಹೈದರಾಬಾದಿಗೆ ಬಂದು ಇಟ್ಟಿಗೆ ಹೊತ್ತೆ. ಗಂಡ ಸತ್ತ. ಹೊರುವ ಶಕ್ತಿ ಹೋದ ಮೇಲೆ ನಾಂಪಲ್ಲಿ ಕಡೆಯ ಒಂದು ಗಲ್ಲಿಯಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯ ಗೇಟಿನ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತೆ. ಪೇರಲ, ಬೋರೆಹಣ್ಣು, ಕುದಿಸಿದ ಶೇಂಗಾ. ಹದಿನಾರು ವರ್ಷದಿಂದ ಅದೇ ಜಾಗ, ಬೆನ್ನಿಗೆ ಅದೇ ಶಾಲೆಯ ಗೋಡೆ. ಇದರಲ್ಲಿ ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ಹೆದರಿಕೆ ಅಂದರೆ ಏನೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ನಾಲ್ಕನೇ ಮಹಡಿಯಲ್ಲಿ ಒಂದು ಹಲಗೆಯ ಮೇಲೆ ಗಾರೆಬುಟ್ಟಿ ಹೊತ್ತು ನಡೆದವಳು ನಾನು. ಈಗ ಬರೆಯುತ್ತಿರುವ ಹೆದರಿಕೆ ಬೇರೆ. ಇದು ಹೊಟ್ಟೆಯೊಳಗೆ ಬಂದು ಕೂತಿತು, ತಿಂಗಳುಗಟ್ಟಲೆ ಏಳಲಿಲ್ಲ.

ಮೊದಲು ಕೀಲಿಕೈಗಳ ವಿಷಯ ಹೇಳಬೇಕು. ನಮ್ಮ ಕೇರಿಯ ತಾಯಂದಿರು ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾರೆ. ಮಗಳ ಕೈಗೆ ಮನೆಯ ಕೀಲಿಕೈ ಕೊಟ್ಟರೆ ಆಟದಲ್ಲಿ ಕಳೆಯುತ್ತಾಳೆ. ಪಕ್ಕದ ಮನೆಯಲ್ಲಿ ಕೊಡೋಣವೆಂದರೆ ಪಕ್ಕದ ಮನೆಯವರೂ ಕೆಲಸಕ್ಕೆ ಹೋಗುವವರೇ. ಹೀಗಾಗಿ ಒಬ್ಬ ತಾಯಿ ನನ್ನ ಹತ್ತಿರ ಇಟ್ಟು ಹೋದಳು, ಅವಳನ್ನು ನೋಡಿ ಇನ್ನೊಬ್ಬಳು. ಹನ್ನೊಂದು ಕೀಲಿಕೈ ಸೇರಿದವು. ದಪ್ಪ ತಂತಿಯೊಂದನ್ನು ಬಗ್ಗಿಸಿ ಅದಕ್ಕೆ ಪೋಣಿಸಿಕೊಂಡೆ. ತೆಲುಗು, ಹಿಂದಿ ನನಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹುಡುಗಿಯರು ಹೆಸರು ಬರೆದು ಚೀಟಿ ಕಟ್ಟಿದರೆ ನನಗೆ ಉಪಯೋಗವಿಲ್ಲ. ಅದಕ್ಕೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಯಾವ ತಾಯಿ ಬೇಗ ಮನೆಗೆ ಬರುತ್ತಾಳೋ ಅವಳ ಮನೆಯದು ತಂತಿಯಲ್ಲಿ ಮುಂದೆ. ತಡವಾಗಿ ಬರುವವಳದು ಹಿಂದೆ. ಹಿಂದಿನ ಹುಡುಗಿಯರನ್ನು ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಬುಟ್ಟಿಯ ಹತ್ತಿರವೇ ಕೂಡಿಸಿಕೊಂಡು ಶೇಂಗಾ ಸುಲಿಸುತ್ತಿದ್ದೆ. ಖಾಲಿ ಮನೆಯಲ್ಲಿ ಒಬ್ಬರೇ ಇರುವ ಹೊತ್ತು ಅಷ್ಟಾದರೂ ಕಡಿಮೆಯಾಗಲಿ ಎಂದು.

ಎಲ್ಲಕ್ಕಿಂತ ಕೊನೆಯ ಕೀಲಿಕೈ ಎಂಟನೇ ಕ್ಲಾಸಿನ ಒಂದು ಹುಡುಗಿಯದು. ತಾಯಿ ರಾಯಚೂರು ಕಡೆಯವಳು, ಆಸ್ಪತ್ರೆಯಲ್ಲಿ ಆಯಾ, ಒಮ್ಮೊಮ್ಮೆ ದಿನಕ್ಕೆ ಎರಡು ಡ್ಯೂಟಿ. ತಂದೆ ಬಿಟ್ಟು ಹೋಗಿದ್ದ. ಗೇಟಿನಿಂದ ಹೊರಬರುವ ಅಷ್ಟು ಮಕ್ಕಳಲ್ಲಿ ನನ್ನ ಸಂಗಡ ಕನ್ನಡ ಮಾತಾಡುವವಳು ಅವಳೊಬ್ಬಳೇ. ನಮ್ಮ ಕಡೆ ಅಜ್ಜಿಗೆ ಕರೆಯುವ ಹಾಗೆ ನನ್ನನ್ನು ಆಯಿ ಎನ್ನುತ್ತಿದ್ದಳು. ಬಾಯಿ ಮಾತ್ರ ಕತ್ತರಿ.

"ಆಯಿ, ಈ ಪೇರಲಹಣ್ಣಿಗೂ ನಿನಗೂ ಒಂದ ವಯಸ್ಸೇನು?"

"ಹಲ್ಲು ಐತಲ್ಲ, ತಿನ್ನು. ಇಲ್ಲಂದ್ರ ಬಾಯಿ ಮುಚ್ಚು."

"ತಿಂದು ಸತ್ರ?"

"ಶೇಂಗಾ ಸುಲಿಯೂದು ತಪ್ಪತೈತಿ ನಿನಗ."

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ನಲವತ್ತರ ಮೇಲಿನವಳು, ಇಸ್ತ್ರಿ ಮಾಡಿದ ಸೀರೆ, ಭುಜದ ಮೇಲೆ ಒಳ್ಳೆಯ ಬ್ಯಾಗು. ತೆಲುಗಿನಲ್ಲಿ ಹಣ್ಣು ಕೇಳಿದಳು, ಒಂದೊಂದನ್ನೇ ಒತ್ತಿ ನೋಡುತ್ತ ಕೂತಳು. ನಾನು ನನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದೆ: "ಆರಿಸಿ ಆರಿಸಿ ಎಲ್ಲಾ ಹಣ್ಣು ಮೆತ್ತಗ ಮಾಡ್ತಾಳ ಇಕಿ."

ಅವಳು ತಲೆ ಎತ್ತದೆ ಅಂದಳು: "ಮೆತ್ತಗಾಗಿದ್ದು ನಾನ ಒಯ್ತೀನಿ ಬಿಡಬೇ. ಯಾವೂರು ನಿಂದು?"

ಈ ಊರಲ್ಲಿ ಇಷ್ಟು ವರ್ಷ ತೆಲುಗು, ಹಿಂದಿ ಮಾತಾಡಿ ಮಾತಾಡಿ ನನ್ನ ನಾಲಿಗೆ ಬಾಡಿಗೆಗೆ ಕೊಟ್ಟ ಹಾಗೆ ಆಗಿತ್ತು. ಅವಳು ನಮ್ಮ ಮಾತಿನಲ್ಲಿ ಊರು ಕೇಳಿದ್ದೇ ತಡ, ಪಕ್ಕದಲ್ಲಿ ಗೋಣಿಚೀಲ ಹಾಸಿ ಕೂಡಿಸಿದೆ. ಕಲಬುರಗಿ ಕಡೆಯವಳಂತೆ. ದಿನ ಬಿಟ್ಟು ದಿನ ಬರತೊಡಗಿದಳು. ಗೋಡೆಗೆ ಒರಗಿ ಕೂತು ಪುಂಡಿಪಲ್ಯದ ಮಾತು, ಮೊಣಕಾಲಿನ ಮಾತು. ಕೋಠಿ ಬಜಾರಿನಿಂದ ನೋವಿನ ಎಣ್ಣೆ ತಂದುಕೊಟ್ಟಳು. ಒಂದು ದಿನ ತಂತಿಯ ಕಡೆ ನೋಡಿ ನಕ್ಕಳು.

"ಇಷ್ಟ್ಯಾಕ ಕೀಲಿಕೈ ಇಟಗೊಂಡಿಬೇ? ಮನಿ ಮನಿ ಕಳವು ಮಾಡಾಕತ್ತೀಯೇನು?"

ನಾನೂ ನಕ್ಕೆ. ತಂತಿ ಎತ್ತಿ ಹಿಡಿದು ಬೆರಳಿಟ್ಟು ತೋರಿಸಿದೆ. "ನೋಡು, ಇದರವ್ವ ನಾಕಕ್ಕ ಬರ್ತಾಳ. ಇದರವ್ವ ಐದಕ್ಕ. ಇದು ಕಡೀದು. ಇದರವ್ವ ಎಂಟಾದ್ರೂ ಬರೂದಿಲ್ಲ. ಅಪ್ಪಂತೂ ಮೊದಲ ಇಲ್ಲ. ನಮ್ಮ ಕಡಿ ಹುಡಿಗಿ."

"ಭಾಳ ಶಾಣ್ಯಾಕಿ ಇದ್ದಿ ನೀನು," ಅಂದಳು. ನನಗೆ ಹಿಗ್ಗಾಯಿತು. ಯಾರೂ ನನ್ನನ್ನು ಶಾಣ್ಯಾಕಿ ಅಂದದ್ದು ನೆನಪಿರಲಿಲ್ಲ.

ಆವತ್ತೇ ಸಂಜೆ, ಶಾಲೆ ಬಿಟ್ಟ ಮೇಲೆ, ಕೊನೆಯ ಕೀಲಿಕೈಯ ಹುಡುಗಿಯನ್ನು ನಾನೇ ಕೂಗಿ ಕರೆದೆ. "ಬಾ ಇಲ್ಲಿ. ಇಕಿ ನಮ್ಮ ಮಂದಿ. ನಾಚಬ್ಯಾಡ, ಮಾತಾಡು." ಅವರಿಬ್ಬರೂ ನನ್ನ ಬುಟ್ಟಿಯ ಮುಂದೆ, ಶಾಲೆಯ ಗೋಡೆಗೆ ಒರಗಿ, ಅರ್ಧ ಗಂಟೆ ಮಾತಾಡಿದರು. ನಾನು ಗಿರಾಕಿ ನೋಡುತ್ತಿದ್ದೆ. ಮರುದಿನ ಹುಡುಗಿಯ ಕಿವಿಯಲ್ಲಿ ಹೊಸ ಓಲೆ ಇತ್ತು.

ಹತ್ತು ದಿನ ಆಗಿರಬಹುದು. ಶಾಲೆಗೆ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಬಂದು ಮೈಕಿನಲ್ಲಿ ಮಾತಾಡಿದರು. ಹೋಗುವ ಮುಂಚೆ ಗೇಟಿನ ಪಕ್ಕ, ಸರಿಯಾಗಿ ನನ್ನ ತಲೆಯ ಮೇಲೆ, ಒಂದು ತಗಡಿನ ಬೋರ್ಡು ಹೊಡೆಸಿದರು. ತೆಲುಗು ಅಕ್ಷರ. ಸಂಜೆ ಹುಡುಗಿ ಬಂದಾಗ ಓದಿ ಹೇಳು ಅಂದೆ. ಅವಳು ಸೊಂಟಕ್ಕೆ ಕೈಯಿಟ್ಟು ಮಾಸ್ತರರ ಹಾಗೆ ಓದಿದಳು.

"ಮಕ್ಕಳನ್ನ ಮರಳು ಮಾಡಿ ಒಯ್ಯೂದು, ಮಾರೂದು ದೊಡ್ಡ ಗುನ್ಹೆ. ಸಾಲಿ ಹತ್ರ ಮಾಡಿದ್ರ ಶಿಕ್ಷಾ ಈಗ ಇನ್ನೂ ಹೆಚ್ಚು. ಒಯ್ದವರಿಗೂ ಅಷ್ಟ, ತೋರಿಸಿಕೊಟ್ಟವರಿಗೂ ಅಷ್ಟ."

"ತೋರಿಸಿಕೊಟ್ಟವರು ಅಂದ್ರ?"

"ಅಂದ್ರ, ಇಕಿ ಒಬ್ಬಾಕಿನ ಇರ್ತಾಳ, ಇಕಿನ್ನ ಒಯ್ಯಿರಿ ಅಂತ ಹೇಳ್ದವರು. ಯಾಕಾಯಿ, ಮುಖ ಬೂದಿ ಆತಲ್ಲ? ಯಾರನ್ನರ ಮಾರೀಯೇನು?"

ಆ ಹೊತ್ತಿನಲ್ಲಿ ಆ ಹೆಂಗಸಿನ ಮೇಲೆ ನನಗೆ ಸಂಶಯ ಇತ್ತೋ ಇಲ್ಲವೋ ಹೇಳಲಾರೆ. ತಂತಿ ಎತ್ತಿ ಹಿಡಿದ ನನ್ನ ಕೈ ಮಾತ್ರ ಕಣ್ಣ ಮುಂದೆ ಬಂತು.

ಮರುದಿನ ಅವಳು ಬುಟ್ಟಿಯ ಹತ್ತಿರ ಬರಲಿಲ್ಲ. ಗಲ್ಲಿ ಮುಗಿದು ದೊಡ್ಡ ರಸ್ತೆಗೆ ತಿರುಗಿ, ಅಲ್ಲಿಂದ ಇನ್ನೂ ಮುಂದೆ ಬಸ್ ಸ್ಟಾಪಿದೆ. ಅಲ್ಲಿಂದ ಒಬ್ಬ ಹುಡುಗಿಯ ಕೈಯಲ್ಲಿ ನನ್ನನ್ನು ಕರೆಕಳಿಸಿದಳು. ಕುಂಟುತ್ತ ಹೋದೆ.

"ಗೇಟಿಗೆ ಯಾಕ ಬರಲಿಲ್ಲ?" ಎಂದು ಕೇಳಿದೆ.

"ಅಲ್ಲಿ ಭಾಳ ಬಿಸಿಲಬೇ."

ನನ್ನ ಜಾಗದಲ್ಲಿ ಬೇವಿನ ಮರದ ನೆರಳಿದೆ. ಬಸ್ ಸ್ಟಾಪಿಗೆ ಒಂದು ತಗಡೂ ಇರಲಿಲ್ಲ, ಅವಳ ಹಣೆಯ ಬೆವರು ಹುಬ್ಬಿನವರೆಗೆ ಇಳಿದಿತ್ತು. ಆ ಬೋರ್ಡನ್ನು ಅವಳೂ ಓದಿದ್ದಾಳೆ ಎಂದು ಆಗ ತಿಳಿಯಿತು.

"ಶನಿವಾರ ಮಧ್ಯಾಹ್ನ ಸಾಲಿ ಬಿಡತೈತಿ. ಹುಡಿಗೀನ ಇಲ್ಲಿತನ ಕರಕೊಂಡು ಬಾ," ಅಂದಳು. "ಸಿಕಂದರಾಬಾದಿನಾಗ ಪಾರ್ಲರ್ ಕೆಲಸ ತೋರಸ್ತೀನಿ. ಸಂಜಿಗೆ ತಂದು ಬಿಡ್ತೀನಿ."

"ನೀನ ಬಂದು ಕರಕೊಂಡು ಹೋಗು."

"ನಾ ಆ ಗಲ್ಲಿಗೆ ಬರೂದಿಲ್ಲ. ನೀ ಹೇಳಿದ್ರ ಕೇಳ್ತಾಳ." ನನ್ನ ಕೈ ಹಿಡಿದು ಅಮುಕಿದಳು. "ಅವರವ್ವಗ ಹೇಳಬ್ಯಾಡ. ಸುಮ್ನ ಗಾಬರಿ ಆಗ್ತಾಳ."

ಆವತ್ತು ಬುಧವಾರ. ಆ ದಿನ, ಗುರುವಾರ, ಶುಕ್ರವಾರ, ನಾನು ಯಾರಿಗೂ ಏನೂ ಹೇಳಲಿಲ್ಲ. ಶಾಲೆಯ ದೊಡ್ಡ ಬಾಯಿಯವರು, ಅಂದರೆ ಹೆಡ್ ಮೇಡಂ, ದಿನಾ ನನ್ನ ಮುಂದೆಯೇ ಒಳಗೆ ಹೋಗುತ್ತಿದ್ದರು. ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಹೇಳಿದರೆ ಮೊದಲು ಕೇಳುವುದು, ಈ ಹುಡುಗಿ ಅವಳಿಗೆ ಹೇಗೆ ಗೊತ್ತು ಎಂದು. ಸುಮ್ಮನಿದ್ದರೆ ಹುಡುಗಿ ಹೋಗುತ್ತಾಳೆ. ಎರಡೂ ನನಗೆ ಗೊತ್ತಿತ್ತು, ಗೊತ್ತಿದ್ದೂ ಮೂರು ದಿನ ಶೇಂಗಾ ಮಾರಿದೆ. ರಸ್ತೆಯಲ್ಲಿ ಖಾಕಿ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ಒಮ್ಮೆ ಹಾಗೆ ಎಳೆದುಕೊಂಡಾಗ ಬಂದವನು ಗ್ಯಾಸ್ ಸಿಲಿಂಡರ್ ಹೊತ್ತವನು.

ಹುಡುಗಿಗೆ ಮಾತ್ರ ಹೇಳಿದೆ. "ಆಕಿ ಸಂಗಾಟ ಹೋಗಬ್ಯಾಡ."

"ನೀನ ಅಲ್ಲ ಪರಿಚಯ ಮಾಡ್ಸಿದಾಕಿ? ನಮ್ಮ ಮಂದಿ ಅಂದಿ."

"ಆಗ ನನ್ನ ತಲಿ ಕೆಟ್ಟಿತ್ತು."

"ಈಗ ಕೆಟ್ಟಿರಬೇಕು." ಶೇಂಗಾ ಸಿಪ್ಪೆಯನ್ನು ನನ್ನ ಮಡಿಲಿಗೆ ಎಸೆದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ನಮ್ಮವ್ವನ ಕಾಲು ನೋಡೀಯೇನು? ಹಿಂಗ ಬಾತಾವ. ನಾ ದುಡದ್ರ ಒಂದ ಡ್ಯೂಟಿ ಮಾಡ್ತಾಳ."

ಶನಿವಾರ ಬಂತು. ನಾನು ಅವಳನ್ನು ಬಸ್ ಸ್ಟಾಪಿಗೆ ಕರೆದೊಯ್ಯುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ. ಅಷ್ಟೇ ನನ್ನ ಧೈರ್ಯ. ನಾನು ಒಯ್ಯದಿದ್ದರೆ ಅವಳು ಹೋಗುವುದಿಲ್ಲ ಎಂದುಕೊಂಡೆ. ಆ ಹೆಂಗಸು ಅವಳಿಗೂ ಬೇರೆಯಾಗಿ ಹೇಳಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ಗಂಟೆ ಹೊಡೆಯಿತು, ಮಕ್ಕಳು ಹೊರಬಂದರು, ಒಬ್ಬೊಬ್ಬರೇ ಕೀಲಿಕೈ ಒಯ್ದರು. ಅವಳು ಗುಂಪಿನ ಕೊನೆಯಲ್ಲಿ ಬಂದಳು. ಪಾಟೀಚೀಲ ಉಬ್ಬಿತ್ತು, ಜಿಪ್ಪಿನ ಬಾಯಲ್ಲಿ ಹಳದಿ ದುಪಟ್ಟಾದ ಚುಂಗು ಸಿಕ್ಕಿಕೊಂಡಿತ್ತು. ನಾನು ಕೀಲಿಕೈ ಬಿಚ್ಚಿ ಹಿಡಿದೆ.

"ಇವತ್ತ ಬ್ಯಾಡ ಆಯಿ," ಅಂದಳು. ನಿಲ್ಲಲಿಲ್ಲ.

ಎಂಟು ಗಂಟೆಯವರೆಗೆ ತಾಯಿ ಬರುವುದಿಲ್ಲ. ಸಂಜೆಗೆ ತಿರುಗಿ ಬರುವ ಹುಡುಗಿಗೆ ಮನೆಯ ಕೀಲಿಕೈ ಬೇಕು. ಇವಳು ಬೇಡ ಅಂದಳು.

ಬುಟ್ಟಿ, ತಕ್ಕಡಿ, ತಂತಿ ಎಲ್ಲ ಬಿಟ್ಟು ಎದ್ದೆ. ಓಡಿದೆ ಎಂದು ಬರೆಯಲಾರೆ, ನನ್ನ ಮೊಣಕಾಲು ಓಡುವುದಿಲ್ಲ. ಗೋಡೆ ಹಿಡಿದು ಗಲ್ಲಿ ದಾಟಿದೆ, ರಸ್ತೆ ತಿರುಗಿದೆ. ಬಸ್ ಸ್ಟಾಪಿನ ಹತ್ತಿರ ಆಟೋ ನಿಂತಿತ್ತು. ಹುಡುಗಿ ಒಳಗೆ ಕೂತಾಗಿತ್ತು. ಹೆಂಗಸು ಒಂದು ಕಾಲು ಒಳಗಿಟ್ಟಿದ್ದಳು. ನಾನು ಹುಡುಗಿಯ ಚೀಲದ ಪಟ್ಟಿ ಹಿಡಿದು ಎಳೆದೆ.

ಹೆಂಗಸು ಸಿಟ್ಟಾಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, ಮನೆಯವರು ಮಾತಾಡುವ ಹಾಗೆ ಮೆತ್ತಗೆ ಅಂದಳು: "ಮುದುಕಿ, ಇಕಿನ್ನ ತೋರಿಸಿದಾಕಿ ನೀನ. ನನ್ನ ಫೋನಿನಾಗ ನಿನ್ನ ಫೋಟೋ ಐತಿ, ತಂತಿ ಹಿಡಕೊಂಡು ನಗಾಕತ್ತೀ. ನಾ ಒಳಗ ಹೋದ್ರ ನೀ ನನ್ನ ಬಾಜೂಕ ಇರ್ತಿ. ಕೈ ಬಿಡು."

ಸುತ್ತ ಹತ್ತು ಜನ ಬಸ್ಸಿಗೆ ಕಾಯುತ್ತಿದ್ದರು. ಆ ಮಾತು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಸೊಸೆ ಅತ್ತೆಗೆ ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು. ನನ್ನ ಕೈ ಬಿಟ್ಟೇಹೋಯಿತು. ನಿಜ ಬರೆಯುತ್ತೇನೆ, ಬಿಟ್ಟೆ. ಬಿಟ್ಟದ್ದಕ್ಕೆ ಜೋಲಿ ತಪ್ಪಿ ಆಟೋದ ಮುಂದೆ ಕುಸಿದು ಕೂತೆ. ಏಳಲು ಆಗಲಿಲ್ಲ. ಆಟೋದವನು ತಲೆ ಹೊರಗೆ ಹಾಕಿ ಹಿಂದಿಯಲ್ಲಿ ಬೈದ.

"ಅಮ್ಮಾ, ಸಾಯೋಕೆ ನನ್ನ ಗಾಡಿನೇ ಸಿಕ್ಕಿತಾ," ಎನ್ನುವ ಹಾಗೆ ಏನೋ ಅಂದ. ಆಗ ನಾನು ತೆಲುಗಿನಲ್ಲಿ, ನಂತರ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ಈಕೆ ಈ ಹುಡುಗಿಯ ಯಾರೂ ಅಲ್ಲ, ಮಾರಲು ಒಯ್ಯುತ್ತಿದ್ದಾಳೆ.

ಆಟೋದವನು ಇಂಜಿನ್ ಬಂದ್ ಮಾಡಿದ. ಹೆಂಗಸು ಆ ಕಡೆಯಿಂದ ಇಳಿದಳು, ಓಡಲಿಲ್ಲ, ರಸ್ತೆ ದಾಟಿ ಕೋಠಿ ಬಸ್ಸು ಹತ್ತಿದಳು. ಸೀಟಿನ ಮೇಲೆ ಅವಳ ಬಟ್ಟೆಯ ಕೈಚೀಲ ಉಳಿದಿತ್ತು. ಆಟೋದವನು ಅದರಲ್ಲಿ ಕೈಹಾಕಿ ಎರಡು ರೈಲು ಟಿಕೆಟ್ ತೆಗೆದ. ಓದಿ ನೋಡಿ ಹುಡುಗಿಯ ಮುಖ ನೋಡಿದ. ಸಿಕಂದರಾಬಾದಿನಿಂದ ದಿಲ್ಲಿಗೆ, ಆವತ್ತಿನದೇ.

ಹುಡುಗಿ ಅಲ್ಲಿಯವರೆಗೆ ನನ್ನನ್ನು ಬೈಯುತ್ತಿದ್ದಳು. ಟಿಕೆಟ್ ನೋಡಿದವಳೇ ಕಿವಿಯ ಓಲೆ ಬಿಚ್ಚಲು ಹೋದಳು, ತಿರುಪು ಬರಲಿಲ್ಲ. ನಾನು ಬಿಚ್ಚಿದೆ. ಬಹಳ ಹೊತ್ತು ಹಿಡಿಯಿತು.

ಶಾಲೆಯ ದೊಡ್ಡ ಬಾಯಿಯವರ ಕೋಣೆಗೆ ಅದೇ ಪೊಲೀಸ್ ಅಧಿಕಾರಿ ಬಂದರು. ಎಲ್ಲ ಕೇಳಿ ಬರೆದುಕೊಂಡರು. "ಈ ಹುಡುಗಿಯ ವಿಷಯ ಅವಳಿಗೆ ಹೇಗೆ ಗೊತ್ತಾಯಿತು?" ಎಂದು ತೆಲುಗಿನಲ್ಲಿ ಕೇಳಿದರು.

"ಗೊತ್ತಿಲ್ಲ," ಅಂದೆ.

ಹುಡುಗಿ ನನ್ನ ಕಡೆ ಒಮ್ಮೆ ನೋಡಿದಳು. ಅವಳನ್ನೂ ಕೇಳಿದರು, ಮೊದಲು ಎಲ್ಲಿ ಸಿಕ್ಕಿದಳು ಎಂದು. "ಬಸ್ ಸ್ಟಾಪಿನಲ್ಲಿ," ಅಂದಳು. ತಾಯಿ ಆಸ್ಪತ್ರೆಯ ಹಸಿರು ಸೀರೆಯಲ್ಲೇ ಬಂದು ನನ್ನ ಕಾಲಿಗೆ ಬಿದ್ದಳು. "ನೀ ನನ್ನ ಹಡದವ್ವ ಇದ್ದಂಗ," ಅಂದಳು. ಅವಳನ್ನು ಎತ್ತಲಿಲ್ಲ. ನನಗೆ ಬಗ್ಗಲು ಆಗುವುದಿಲ್ಲ ಎಂದು ಅವಳು ಅಂದುಕೊಂಡಳು.

ಆಮೇಲೆ ಪ್ರತಿ ಭಾನುವಾರ ಅವಳು ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಡುತ್ತಿದ್ದಳು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು, ರುಚಿಯಾಗಿತ್ತು. ತಿಂದು ಕೈ ತೊಳೆಯುವಾಗ ಹೆದರಿಕೆ ಬರುತ್ತಿತ್ತು. ಕೀಲಿಕೈಗಳನ್ನು ತಂತಿಯಲ್ಲಿ ಹಿಂದುಮುಂದು ಮಾಡಿ ಕಲಸಿಬಿಟ್ಟೆ, ಯಾರೂ ನೋಡಿ ತಿಳಿಯಬಾರದು ಎಂದು. ನನಗೇ ತಿಳಿಯದಾಯಿತು. ಇಬ್ಬರು ಹುಡುಗಿಯರು ಬೇರೆಯವರ ಕೀಲಿಕೈ ಒಯ್ದು ಬಾಗಿಲ ಮುಂದೆ ನಿಂತು ಬಂದರು. "ಮುದುಕಿಗೆ ಅರಳುಮರಳು," ಎಂದು ತೆಲುಗಿನಲ್ಲಿ ನಗಾಡಿದರು.

ಕೊನೆಯ ಕೀಲಿಕೈಯ ಹುಡುಗಿ ನಗಲಿಲ್ಲ. "ಆಯಿ, ನಾ ಹೇಳಿಲ್ಲ. ನೀನೂ ಹೇಳಬ್ಯಾಡ," ಅಂದಳು. "ನಿನ್ನ ಒಳಗ ಹಾಕಿದ್ರ ನಮ್ಮವ್ವ ರೊಟ್ಟಿ ಯಾರಿಗೆ ಬಡೀಬೇಕು?"

ನಾಂಪಲ್ಲಿಯಲ್ಲಿ ಜನವರಿಯ ಎಕ್ಸಿಬಿಷನ್ ಶುರುವಾದ ಮೇಲೆ ಆ ಹೆಂಗಸು ಬೇರೆ ಕಡೆ ಸಿಕ್ಕಿಬಿದ್ದಳು. ಗುರುತು ಹಿಡಿಯಲು ಸ್ಟೇಷನ್ನಿಗೆ ಬರಬೇಕೆಂದು ಹೇಳಿಕಳಿಸಿದರು. ಹುಡುಗಿಯ ತಾಯಿಯೂ ನಾನೂ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. "ಹೆದರಬ್ಯಾಡಬೇ, ನಾ ಇದ್ದೀನಿ," ಅನ್ನುತ್ತಿದ್ದಳು. ಫೋನಿನ ಫೋಟೋ ಈಗ ಪೊಲೀಸರ ಮೇಜಿನ ಮೇಲಿರುತ್ತದೆ ಎಂದು ನನಗೆ ಅದೇ ಧ್ಯಾನ.

ಫೋಟೋದ ಮಾತೇ ಬರಲಿಲ್ಲ. ನನ್ನ ಫೋಟೋ ಅವಳು ತೆಗೆದಿದ್ದಳೋ, ಸುಳ್ಳು ಹೇಳಿದ್ದಳೋ, ಇವತ್ತಿಗೂ ತಿಳಿಯದು. ಅಧಿಕಾರಿ ಆರು ಹೆಂಗಸರ ಚಿತ್ರ ಇಟ್ಟರು. ಬೆರಳಿಟ್ಟು ತೋರಿಸಿದೆ. ಇಷ್ಟಕ್ಕೇ ಮುಗಿಯಿತು ಅಂದುಕೊಂಡು ಎದ್ದೆ.

"ಕೂಡಮ್ಮಾ," ಅಂದರು. "ಅವಳು ಶಾಲೆಯ ಹತ್ತಿರ ಬಂದೇ ಇಲ್ಲ ಅನ್ನುತ್ತಾಳೆ. ಎಲ್ಲ ಬಸ್ ಸ್ಟಾಪಿನಲ್ಲೇ ಅನ್ನುತ್ತಾಳೆ. ಹುಡುಗಿಯೂ ಹಾಗೇ ಹೇಳಿದ್ದಾಳೆ. ಬಸ್ ಸ್ಟಾಪು ದೂರ, ಟೇಪು ಹಿಡಿದು ಅಳೆದಿದ್ದೇವೆ. ಶಾಲೆಯ ಹತ್ತಿರ ಎಂದು ತೋರಿಸಿದರೆ ಶಿಕ್ಷೆ ಹೆಚ್ಚು, ಇಲ್ಲದಿದ್ದರೆ ಬೇಗ ಹೊರಗೆ ಬರುತ್ತಾಳೆ. ಗೇಟಿನ ಹತ್ತಿರ ಅವರಿಬ್ಬರೂ ಮಾತಾಡಿದ್ದನ್ನು ನೋಡಿದವರು ಯಾರಾದರೂ ಇದ್ದಾರಾ? ನೀನು ಅಲ್ಲೇ ಕೂರುವವಳು."

ಇಲ್ಲ ಅಂದರೆ ಮನೆಗೆ ಹೋಗಬಹುದಿತ್ತು. ಆದರೆ ಬೇಗ ಹೊರಗೆ ಬಂದರೆ ಆ ಹೆಂಗಸಿಗೆ ಹುಡುಗಿಯ ಗುರುತು ಗೊತ್ತು, ಅವಳು ಎಷ್ಟು ಹೊತ್ತು ಒಬ್ಬಳೇ ಇರುತ್ತಾಳೆ ಎಂಬುದೂ ಗೊತ್ತು. ಹೇಳಿಕೊಟ್ಟವಳು ನಾನು. ಹುಡುಗಿ ನನ್ನನ್ನು ಉಳಿಸಲು ಆಡಿದ ಸುಳ್ಳು ಅವಳಿಗೇ ತಿರುಗಿ ಬರುವುದಿತ್ತು.

"ನಾ ನೋಡೀನಿ," ಅಂದೆ. ತೆಲುಗು ಮರೆತು ಕನ್ನಡದಲ್ಲೇ ಬಂತು. ಮತ್ತೆ ತೆಲುಗಿನಲ್ಲಿ ಹೇಳಿದೆ. ನನ್ನ ಬುಟ್ಟಿಯ ಮುಂದೆ, ಶಾಲೆಯ ಗೋಡೆಗೆ ಒರಗಿ, ಅರ್ಧ ಗಂಟೆ ಮಾತಾಡಿದರು. ಹುಡುಗಿಯನ್ನು ಕೂಗಿ ಕರೆದವಳು ನಾನು. ಒಬ್ಬಳೇ ಇರುತ್ತಾಳೆ ಎಂದು ಹೇಳಿದವಳೂ ನಾನು.

ಅಧಿಕಾರಿಯ ಪೆನ್ನು ನಿಂತಿತು. "ಗೊತ್ತಿದ್ದು ಹೇಳಿದೆಯಾ?"

"ಗೊತ್ತಿಲ್ಲದೆ ಹೇಳಿದೆ. ಗೊತ್ತಾದ ಮೇಲೆ ಮೂರು ದಿನ ಸುಮ್ಮನಿದ್ದೆ. ಅದನ್ನೂ ಬರೆದುಕೊಳ್ಳಿ."

ಅವರು ಬಹಳ ಹೊತ್ತು ಬರೆದರು. ಪಕ್ಕದಲ್ಲಿ ಹುಡುಗಿಯ ತಾಯಿಯ ಉಸಿರು ಕೇಳುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ಅವರು ಬರೆದದ್ದನ್ನು ಓದಿ ಹೇಳಿದ ಮೇಲೆ, ಹೆಬ್ಬೆಟ್ಟಿನ ಡಬ್ಬಿ ಮುಂದೆ ಸರಿಸಿದರು. ಹೆಬ್ಬೆಟ್ಟು ಬೇಡ ಎಂದು ಕನ್ನಡದಲ್ಲಿ ಸಹಿ ಮಾಡಿದೆ. ಅಕ್ಷರ ಸೊಟ್ಟಗೆ ಬಂತು. "ಈಗ ಮನೆಗೆ ಹೋಗು," ಅಂದರು. "ಕೋರ್ಟಿನಿಂದ ಕರೆ ಬರುತ್ತದೆ. ಅಲ್ಲಿ ನಿನ್ನನ್ನು ಏನು ಮಾಡುತ್ತಾರೆ ಎಂದು ನಾನು ಮಾತು ಕೊಡಲಾರೆ."

ಕರೆ ಇನ್ನೂ ಬಂದಿಲ್ಲ. ಕೋರ್ಟಿನಲ್ಲಿ ಹೆದರಿ ಕಡಿಮೆ ಹೇಳಿಬಿಟ್ಟೇನು ಎಂದು ಇದನ್ನು ಈಗಲೇ ಬರೆದಿಡುತ್ತಿದ್ದೇನೆ.

ಹುಡುಗಿಯ ತಾಯಿಯೂ ನಾನೂ ಸ್ಟೇಷನ್ನಿನಿಂದ ಹೊರಬಂದೆವು. ಬಸ್ಸು ಬಂತು. ನಾನು ಹತ್ತುವಾಗ ಜಾರೀತು ಎಂದು ಮೊಣಕೈ ಹಿಡಿದಳು, ಹತ್ತಿದ ಮೇಲೆ ಬಿಟ್ಟಳು. ಮಧ್ಯಾಹ್ನದ ಬಸ್ಸು, ಹೆಂಗಸರ ಸೀಟುಗಳು ಅರ್ಧ ಖಾಲಿ ಇದ್ದವು. ನನ್ನ ಪಕ್ಕದ್ದೂ ಖಾಲಿ ಇತ್ತು. ಅವಳು ಬಾತ ಕಾಲಿನ ಮೇಲೆ ನಾಂಪಲ್ಲಿಯವರೆಗೂ ನಿಂತುಕೊಂಡೇ ಬಂದಳು.